ವೀಣೆಯ ತಂತಿಯಾಗಿದ್ದ ಚೈನು: ಮಳೆಗಾಲ ಮುಗಿದ ಮೇಲಿನ ಒಂದು ದುರಸ್ತಿ ದಾಖಲೆ

ತೀರ್ಥಹಳ್ಳಿಯಿಂದ ಆಗುಂಬೆಯ ಕಡೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 169ಎ ಮಾರ್ಗದಲ್ಲಿ ನಮ್ಮ ಮನೆಯಿಂದ ನಾನು ಪಾಠ ಹೇಳುವ ಶಾಲೆಗೆ 16 ಕಿಲೋಮೀಟರ್ ದೂರವಿದೆ. ಹನ್ನೊಂದು ವರ್ಷ ಬಸ್ಸಿನಲ್ಲಿ ಓಡಾಡಿದ ಮೇಲೆ, ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ, ಕಳೆದ ಮೇ ತಿಂಗಳಿನಲ್ಲಿ ಆರ್‌ಟಿಒ ಮೈದಾನದಲ್ಲಿ 8 ಹಾಕಿ ಲೈಸೆನ್ಸ್ ಪಡೆದೆ. ಜೂನ್ ಮೊದಲ ವಾರ, ಮಳೆ ಹಿಡಿಯುವುದಕ್ಕೂ ಮುಂಚೆ, 2017ರ ಮಾದರಿಯ 125 ಸಿಸಿ ಬೈಕೊಂದನ್ನು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡೆ. ಆಗ ಮೀಟರಿನಲ್ಲಿ 31,400 ಕಿಲೋಮೀಟರ್ ಇತ್ತು. ಈ ದಾಖಲೆ ಆರಂಭವಾಗುವ ಅಕ್ಟೋಬರ್ ತಿಂಗಳಿನಲ್ಲಿ ಅದು 34,640 ಆಗಿತ್ತು. ನಡುವಿನ ಮೂರು ಸಾವಿರ ಚಿಲ್ಲರೆ ಕಿಲೋಮೀಟರುಗಳು ಬಹುತೇಕ ಮಳೆಯಲ್ಲೇ, ಕೆಂಪು ರಾಡಿಯಲ್ಲೇ ಕಳೆದವು.

ಆಗಸ್ಟ್ ತಿಂಗಳಿನಲ್ಲಿ ಚೈನು ಕವರಿಗೆ ತಾಗಿ ಕಟಕಟ ಎನ್ನತೊಡಗಿತು. ಗೇರು ಬದಲಿಸುವಾಗ ಗಾಡಿ ಜಗ್ಗುತ್ತಿತ್ತು. ಗ್ಯಾರೇಜಿನಲ್ಲಿ ಬೇರೆಯವರ ಗಾಡಿಗೆ ಮಾಡುವುದನ್ನು ನೋಡಿದ್ದೆನಾದ್ದರಿಂದ ಹಿಂದಿನ ಚಕ್ರದ ಅಚ್ಚಾದ ಆಕ್ಸಲ್ಲಿನ ನಟ್ಟನ್ನು ಸಡಿಲಿಸಿ, ಚಕ್ರವನ್ನು ಹಿಂದಕ್ಕೆ ಸರಿಸುವ ಎರಡೂ ಬದಿಯ ಅಡ್ಜಸ್ಟರುಗಳನ್ನು ತಿರುಗಿಸಿ, ನಾನೇ ಚೈನನ್ನು ಬಿಗಿ ಮಾಡಿದೆ. ಮಾಲೀಕರ ಪುಸ್ತಿಕೆಯಲ್ಲಿ ಸಡಿಲ, ಎಂದರೆ ಚೈನು ಮೇಲೆ ಕೆಳಗೆ ಆಡುವ ಅಂತರ, 25ರಿಂದ 35 ಮಿಲಿಮೀಟರ್ ಇರಬೇಕೆಂದು ಬರೆದಿತ್ತು. ಬಿಗಿಯಾದಷ್ಟೂ ಕ್ಷೇಮವೆಂಬ ನಂಬಿಕೆಯಿಂದ ಕೆಳಗಿನ ಅಂಚನ್ನೇ ಹಿಡಿದು 25ಕ್ಕೆ ನಿಲ್ಲಿಸಿದೆ. ಕಟಕಟ ನಿಂತಿತು. ಅದರ ಬದಲು, ನಲವತ್ತರ ವೇಗ ದಾಟಿದೊಡನೆ, ಸಣ್ಣಗೆ ಒಂದು ಗುಂಯ್‌ಗುಡುವಿಕೆ ಶುರುವಾಯಿತು. ಮಳೆಕೋಟಿನ ಟೊಪ್ಪಿಗೆ ಮತ್ತು ಹೆಲ್ಮೆಟ್ಟಿನ ನಡುವೆ ನುಗ್ಗುವ ಗಾಳಿಯ ಸದ್ದೆಂದು ಎರಡು ತಿಂಗಳು ನಂಬಿಕೊಂಡಿದ್ದೆ. ಮಳೆ ಬಿಟ್ಟು, ಕೋಟನ್ನು ಒಣಗಿಸಿ ಮಡಿಸಿಟ್ಟ ಮೇಲೂ ಗಾಳಿ ಹಾಗೆಯೇ ಗುಂಯ್‌ಗುಟ್ಟಿದಾಗ ಗ್ಯಾರೇಜಿಗೆ ಹೋದೆ.

ಮೆಕ್ಯಾನಿಕ್ ಚೈನಿನ ಕೆಳಭಾಗವನ್ನು ಒಂದು ಬೆರಳಿನಲ್ಲಿ ಒತ್ತಿ, ಬೆರಳು ತೆಗೆದು, ಮತ್ತೊಮ್ಮೆ ಒತ್ತಿ ನೋಡಿದರು.

“ಮೇಡಂ, ಇದು ಚೈನಲ್ಲ, ವೀಣೆ ತಂತಿ. ಯಾರು ಟೈಟ್ ಮಾಡಿದ್ದು?”

ನಾನೇ ಎಂದು ಒಪ್ಪಿಕೊಂಡು, ಪುಸ್ತಿಕೆಯ ಲೆಕ್ಕದಲ್ಲಿ ಸರಿಯಾಗಿಯೇ ಇದೆಯೆಂದು ವಾದಿಸಿದೆ. ಅವರು ಮಾತಾಡದೆ ಗಾಡಿಯನ್ನು ಡಬಲ್ ಸ್ಟ್ಯಾಂಡಿಗೆ ಹಾಕಿ ಹಿಂದಿನ ಚಕ್ರವನ್ನು ಮೆಲ್ಲಗೆ ತಿರುಗಿಸುತ್ತಾ ಹೋದರು. ಒಂದು ಕಡೆ ಚೈನು ಜೋಲುತ್ತಿತ್ತು, ಇನ್ನೊಂದು ಕಡೆ ಅಲುಗುತ್ತಲೇ ಇರಲಿಲ್ಲ. ನಾನು ಆಗಸ್ಟಿನಲ್ಲಿ ಅಳೆದದ್ದು ಒಂದೇ ಜಾಗದಲ್ಲಿ, ಅದೂ ಅತಿ ಸಡಿಲವಾದ ಜಾಗದಲ್ಲಿ. ಚೈನ್ ಸೆಟ್ ಪೂರ್ತಿ ಬದಲಿಸಬೇಕೆಂದು ಅವರು ಹೇಳಿದರು. ಕೆಲಸವನ್ನು ನಾನೇ ಮಾಡುತ್ತೇನೆ, ಸಿಕ್ಕಿಕೊಂಡರೆ ಫೋನ್ ಮಾಡುತ್ತೇನೆ ಎಂದಾಗ ನಕ್ಕು, ಬೇಕಾದ ಸ್ಪ್ಯಾನರುಗಳನ್ನು ಒಂದು ಹಳೆಯ ಚೀಲದಲ್ಲಿ ಹಾಕಿ ಕೊಟ್ಟರು.

ಮೊದಲ ಭಾನುವಾರ ಬಿಚ್ಚುವ ಕೆಲಸಕ್ಕೆ ಕೈ ಹಾಕಲಿಲ್ಲ, ಬರೀ ಅಳೆದೆ. ಅಂಗಳದಲ್ಲಿ ಗಾಡಿಯನ್ನು ಡಬಲ್ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಗೇರನ್ನು ನ್ಯೂಟ್ರಲ್‌ನಲ್ಲಿಟ್ಟು, ಕೀಲಿಯನ್ನು ತೆಗೆದು ಮನೆಯೊಳಗೆ ಇಟ್ಟು ಬಂದೆ. ಇಂಜಿನ್ ಚಾಲೂ ಮಾಡಿ ಚಕ್ರ ತಾನಾಗಿ ತಿರುಗುವಾಗ ಬಟ್ಟೆ ಹಿಡಿದು ಚೈನು ಒರೆಸುವವರನ್ನು ನಾನು ಕಂಡಿದ್ದೇನೆ. ಬಟ್ಟೆ ಸ್ಪ್ರಾಕೆಟ್ಟಿನ (ಚೈನು ಸುತ್ತುವ ಹಲ್ಲುಚಕ್ರದ) ಹಲ್ಲಿಗೆ ಸಿಕ್ಕಿದರೆ ಅದನ್ನು ಹಿಡಿದ ಬೆರಳೂ ಒಳಗೆ ಹೋಗುತ್ತದೆ, ಕೈ ಹಿಂದೆಗೆಯಲು ಸಮಯವಿರುವುದಿಲ್ಲ. ಚಕ್ರವನ್ನು ಕೈಯಿಂದಲೇ ತಿರುಗಿಸಬೇಕು.

ಸಡಿಲ ಅಳೆಯುವುದು ಎರಡು ಸ್ಪ್ರಾಕೆಟ್ಟುಗಳ ನಡುಮಧ್ಯದಲ್ಲಿ, ಚೈನಿನ ಕೆಳಗಿನ ಸಾಲಿನಲ್ಲಿ. ಪಕ್ಕದಲ್ಲಿ ಅಡಿಪಟ್ಟಿ ಹಿಡಿದು, ಚೈನನ್ನು ಕೆಳಗೆ ಒತ್ತಿದಾಗಿನ ಮತ್ತು ಮೇಲಕ್ಕೆ ಎತ್ತಿದಾಗಿನ ಗುರುತುಗಳ ನಡುವಿನ ಅಂತರವನ್ನು ಓದಬೇಕು. ಅತಿ ಸಡಿಲ ಜಾಗದಲ್ಲಿ 31 ಮಿಲಿಮೀಟರ್ ಬಂತು, ಅತಿ ಬಿಗಿ ಜಾಗದಲ್ಲಿ 8. ಶಾಲೆಯಿಂದ ತಂದಿದ್ದ ಸೀಮೆಸುಣ್ಣದಿಂದ ಬಿಗಿ ಜಾಗದ ಕೊಂಡಿಯೊಂದಕ್ಕೂ, ಅದೇ ಹೊತ್ತಿನಲ್ಲಿ ಟೈರಿನ ಮೇಲಕ್ಕೆ ಬಂದಿದ್ದ ಭಾಗಕ್ಕೂ ಗುರುತು ಹಾಕಿದೆ. ಮುಂದಿನ ಸ್ಪ್ರಾಕೆಟ್ಟಿಗೆ 14 ಹಲ್ಲು, ಹಿಂದಿನದಕ್ಕೆ 42, ಚೈನಿಗೆ 116 ಕೊಂಡಿ. ಹಿಂದಿನ ಚಕ್ರ ಒಂದು ಸುತ್ತು ತಿರುಗಿದರೆ 42 ಕೊಂಡಿಗಳು ದಾಟಿಹೋಗುತ್ತವೆ; ಹಾಗಾಗಿ ಅದೇ ಕೊಂಡಿ ಮತ್ತೆ ಅದೇ ಜಾಗಕ್ಕೆ ಬರಲು ಚಕ್ರ ಸುಮಾರು ಎರಡೂ ಮುಕ್ಕಾಲು ಸುತ್ತು ತಿರುಗಬೇಕು. ಬಿಗಿತ ಚಕ್ರದ ಒಂದೊಂದು ಸುತ್ತಿಗೂ ಮರಳಿ ಬಂದರೆ ದೋಷ ಹಿಂದಿನ ಸ್ಪ್ರಾಕೆಟ್ಟಿನದು. ಸುತ್ತಿಗೆ ಮೂರು ಸಲ ಬಂದರೆ ಮುಂದಿನದರದು. ಸೀಮೆಸುಣ್ಣದ ಕೊಂಡಿಯ ಜೊತೆಯಲ್ಲೇ ಬಂದರೆ ಚೈನಿನದೇ. ನನ್ನದು ಕೊಂಡಿಯ ಜೊತೆ ಬಂತು. ಏಳನೆಯ ತರಗತಿಯ ಮಕ್ಕಳಿಗೆ ಲಘುತಮ ಸಾಮಾನ್ಯ ಅಪವರ್ತ್ಯ ಹೇಳಿಕೊಡಲು ಇನ್ನು ಮುಂದೆ ಬೇರೆ ಉದಾಹರಣೆ ಹುಡುಕಬೇಕಾಗಿಲ್ಲ.

ಚೈನು ಹಿಗ್ಗುತ್ತದೆಂದು ಎಲ್ಲರೂ ಹೇಳುತ್ತೇವೆ, ಆದರೆ ಅದರ ತಗಡುಗಳೇನೂ ರಬ್ಬರಿನಂತೆ ಉದ್ದವಾಗುವುದಿಲ್ಲ. ಪ್ರತಿ ಕೊಂಡಿಯ ಪಿನ್ನು ಮತ್ತು ಅದು ಕೂರುವ ಕೊಳವೆಯಂಥ ಬುಷ್ ಒಂದಕ್ಕೊಂದು ಉಜ್ಜಿ ಸವೆಯುತ್ತವೆ. ಒಂದು ಸಂದಿಯಲ್ಲಿ 0.2 ಮಿಲಿಮೀಟರ್ ಸವೆದರೂ 116 ಸಂದಿಗಳಲ್ಲಿ ಅದು 23 ಮಿಲಿಮೀಟರ್ ಆಗುತ್ತದೆ. ನನ್ನ ಚೈನಿನ ತಗಡಿನ ಮೇಲೆ 428 ಎಂದು ಒತ್ತಿತ್ತು. ಅದರ ಮೊದಲ ಅಂಕಿ, ಪಿನ್ನಿನಿಂದ ಪಿನ್ನಿಗೆ ಇರುವ ಅಂತರ ಅಂಗುಲದ ಎಂಟು ಭಾಗಗಳಲ್ಲಿ ನಾಲ್ಕು, ಎಂದರೆ 12.7 ಮಿಲಿಮೀಟರ್, ಎಂಬುದನ್ನು ಸೂಚಿಸುತ್ತದೆ. ಹೊಸ ಚೈನಿನಲ್ಲಿ ಒಂದನೆಯ ಪಿನ್ನಿನಿಂದ ಇಪ್ಪತ್ತೊಂದನೆಯ ಪಿನ್ನಿಗೆ 254 ಮಿಲಿಮೀಟರ್ ಬರಬೇಕು. ಅದು ಶೇಕಡಾ 2ರಷ್ಟು ಹೆಚ್ಚಿ 259 ತಲುಪಿದರೆ ಚೈನಿನ ಆಯುಷ್ಯ ಮುಗಿದಂತೆಂಬುದು ಸಾಮಾನ್ಯವಾಗಿ ಅನುಸರಿಸುವ ಅಳತೆ. ಚೈನನ್ನು ಎಳೆದು ಹಿಡಿದು ಅಳೆದಾಗ ನನಗೆ ಒಂದು ಕಡೆ 257, ಇನ್ನೊಂದು ಕಡೆ 261 ಸಿಕ್ಕಿತು. ಎಲ್ಲ ಕಡೆ ಸಮನಾಗಿ ಸವೆದಿದ್ದರೆ ಹೇಗೋ ಹೊಂದಿಸಬಹುದಿತ್ತೇನೋ. ಹೀಗೆ ಅಸಮವಾಗಿ ಸವೆದ ಚೈನಿಗೆ ಸರಿಯಾದ ಸಡಿಲವೆಂಬುದೇ ಇರುವುದಿಲ್ಲ, ಏಕೆಂದರೆ ಬಿಗಿ ಜಾಗಕ್ಕೆ ಹೊಂದಿಸಿದರೆ ಸಡಿಲ ಜಾಗ ಜೋಲುತ್ತದೆ, ಸಡಿಲ ಜಾಗಕ್ಕೆ ಹೊಂದಿಸಿದರೆ ಬಿಗಿ ಜಾಗ ವೀಣೆಯಾಗುತ್ತದೆ. ಮಳೆಯಲ್ಲಿ ನೀರು ಎಣ್ಣೆಯನ್ನು ತೊಳೆದಿತ್ತು, ಕೆಂಪು ಮಣ್ಣು ಸಂದಿಗಳೊಳಗೆ ಸೇರಿ ಅರೆಯುವ ಹುಡಿಯಾಗಿತ್ತು, ನಾಲ್ಕು ಕೊಂಡಿಗಳು ತುಕ್ಕಿನಿಂದ ಸೆಟೆದುಕೊಂಡು ಮಡಚಲೇ ಒಪ್ಪುತ್ತಿರಲಿಲ್ಲ.

ಎರಡನೆಯ ಭಾನುವಾರ ನಿಜವಾದ ಕೆಲಸ. ಚೈನು ಮತ್ತು ಎರಡು ಸ್ಪ್ರಾಕೆಟ್ಟುಗಳ ಸೆಟ್ಟಿಗೆ 1,280 ರೂಪಾಯಿ, ಹಿಂದಿನ ಚಕ್ರದ ಹಬ್ಬಿನೊಳಗೆ (ನಡುಗುಂಬದೊಳಗೆ) ಚೈನಿನ ಎಳೆತದ ಹೊಡೆತವನ್ನು ಹೀರುವ ಡ್ಯಾಂಪರ್ ರಬ್ಬರುಗಳಿಗೆ 140 ರೂಪಾಯಿ ಕೊಟ್ಟಿದ್ದೆ. ಹೊಸ ಚೈನನ್ನು ಹಳೆಯ ಸ್ಪ್ರಾಕೆಟ್ಟಿನ ಮೇಲೆ ಓಡಿಸಬಾರದು. ಸವೆದು ಕೊಕ್ಕೆಯಂತೆ ಬಾಗಿದ ಹಲ್ಲುಗಳು ಹೊಸ ಚೈನನ್ನೂ ಬೇಗ ತಿಂದುಹಾಕುತ್ತವೆ. ಕೆಳಗೆ ಎರಡು ಅಗಲವಾದ ಅಡಿಕೆ ಹಾಳೆಗಳನ್ನು ಹಾಸಿದೆ. ಜಿಡ್ಡು, ಸೀಮೆಎಣ್ಣೆ, ಉರುಳಿ ಬೀಳುವ ವಾಷರು ಎಲ್ಲವನ್ನೂ ಹಿಡಿದಿಡುವುದಕ್ಕೆ ಹಾಳೆಗಿಂತ ಒಳ್ಳೆಯ ತಟ್ಟೆ ನಮ್ಮ ಕಡೆ ಇಲ್ಲ. ಕೈಗೆ ಮೊದಲೇ ತೆಂಗಿನ ಎಣ್ಣೆ ಸವರಿಕೊಂಡಿದ್ದರೆ ಕೊನೆಗೆ ಸೀಗೆಪುಡಿಯಲ್ಲಿ ತೊಳೆದಾಗ ಕಪ್ಪು ಸುಲಭವಾಗಿ ಬಿಡುತ್ತದೆ. ಸೋಮವಾರ ಬೆಳಿಗ್ಗೆ ಮಕ್ಕಳ ಮುಂದೆ ಕೈ ಎತ್ತಿ ಬರೆಯಬೇಕಾದವರಿಗೆ ಇದು ಸಣ್ಣ ವಿಷಯವಲ್ಲ.

ಮೊದಲು ಸೀರೆ ಗಾರ್ಡನ್ನು ಬಿಚ್ಚಿದೆ. ಚಕ್ರ ತೆಗೆಯಲು ಅದು ಅಡ್ಡವೆಂದು ಬಿಚ್ಚಿ, ಮತ್ತೆ ಹಾಕದೆ ಮೂಲೆಗೆ ಬಿಸಾಡುವ ರೂಢಿ ಇದೆ; 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 123ನೆಯ ನಿಯಮದಂತೆ ಹಿಂದಿನ ಚಕ್ರದ ಅರ್ಧದಷ್ಟನ್ನಾದರೂ ಮುಚ್ಚುವ ರಕ್ಷಣೆ ಇರಲೇಬೇಕು. ಚೂಡಿದಾರ ಧರಿಸಿ ಗಾಡಿ ಓಡಿಸುವ ನನಗೆ ನಿಯಮಕ್ಕಿಂತ ದುಪಟ್ಟಾ ಚಕ್ರಕ್ಕೆ ಸಿಕ್ಕೀತೆಂಬ ಚಿಂತೆಯೇ ದೊಡ್ಡದು. ಬೋಲ್ಟುಗಳನ್ನು ಒಂದು ಬಟ್ಟಲಿನಲ್ಲಿ ಹಾಕಿ ಗಾರ್ಡಿನ ಪಕ್ಕದಲ್ಲೇ ಇಟ್ಟೆ.

ಆಮೇಲೆ ಗೇರ್ ಲಿವರಿನ ಕೋನವನ್ನು ಗುರುತು ಮಾಡಿಕೊಂಡು ಅದನ್ನು ತೆಗೆದು, ಎಡಬದಿಯ ಕವರನ್ನು ಬಿಚ್ಚಿದೆ. ಒಳಗೆ ಏಳೆಂಟು ವರ್ಷಗಳ ಜಿಡ್ಡು ಮತ್ತು ಮಣ್ಣು ಸೇರಿ ಹಳೆಯ ಬೆಲ್ಲದ ಗಟ್ಟಿಯಂತಾಗಿತ್ತು. ಅದನ್ನು ಮರದ ಕಡ್ಡಿಯಿಂದ ಕೆರೆದು ತೆಗೆದು, ಉತ್ಸಾಹದಲ್ಲಿ, ಚೈನಿನ ಎರಡು ತುದಿಗಳನ್ನು ಜೋಡಿಸುವ ಚೈನ್ ಲಾಕನ್ನು ಎಬ್ಬಿಸಿ ಚೈನನ್ನು ಹೊರಗೆ ಎಳೆದುಬಿಟ್ಟೆ. ತಪ್ಪಾದದ್ದು ಇಲ್ಲಿ. ಮುಂದಿನ ಸ್ಪ್ರಾಕೆಟ್ಟನ್ನು ಹಿಡಿದಿರುವ ಎರಡು ಬೋಲ್ಟುಗಳನ್ನು ತಿರುಗಿಸಲು ಹೋದರೆ ಸ್ಪ್ರಾಕೆಟ್ಟು ಜೊತೆಯಲ್ಲೇ ತಿರುಗುತ್ತದೆ. ಗೇರಿಗೆ ಹಾಕಿ ಪ್ರಯತ್ನಿಸಿದರೂ ಇಂಜಿನ್ನೇ ನಿಧಾನವಾಗಿ ಹೊರಳಿತು. ಚೈನು ಇನ್ನೂ ಹಾಕಿರುವಾಗಲೇ ಹಿಂದಿನ ಬ್ರೇಕನ್ನು ಯಾರಾದರೂ ಒತ್ತಿ ಹಿಡಿದರೆ ಚಕ್ರ ನಿಲ್ಲುತ್ತದೆ, ಚಕ್ರದಿಂದ ಚೈನು, ಚೈನಿನಿಂದ ಸ್ಪ್ರಾಕೆಟ್ಟು. ಬೋಲ್ಟು ಆಗ ಮಾತ್ರ ಸಡಿಲುತ್ತದೆ. ಹಿಂದಿನ ಸ್ಪ್ರಾಕೆಟ್ಟಿನ ನಟ್ಟುಗಳಿಗೂ ಇದೇ ಕ್ರಮ. ತೆಗೆದ ಚೈನನ್ನು ಮತ್ತೆ ಹಾಕಿ, ಮಗನನ್ನು ಕರೆದು ಬ್ರೇಕ್ ಒತ್ತಿಸಿ, ಆ ಬೋಲ್ಟುಗಳನ್ನೂ ನಟ್ಟುಗಳನ್ನೂ ಸಡಿಲಿಸಿಕೊಂಡು, ಮತ್ತೊಮ್ಮೆ ಚೈನು ತೆಗೆದೆ. ನಲವತ್ತು ನಿಮಿಷ ಹೋಯಿತು.

ಚಕ್ರ ತೆಗೆಯುವುದು ಕಷ್ಟವಾಗಲಿಲ್ಲ: ಬ್ರೇಕ್ ರಾಡಿನ ನಟ್ಟು, ಬ್ರೇಕ್ ಪ್ಲೇಟ್ ತಿರುಗದಂತೆ ಹಿಡಿದಿರುವ ಪಟ್ಟಿ, ಕೊನೆಗೆ ಆಕ್ಸಲ್. ಯಾವ ಬದಿಗೆ ಯಾವ ಸ್ಪೇಸರ್ ಎಂದು ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟೆ. ಬ್ರೇಕ್ ಡ್ರಮ್ಮಿನೊಳಗಿನ ಕಪ್ಪು ಹುಡಿಯನ್ನು ಬಾಯಿಯಿಂದ ಊದದೆ ಒದ್ದೆ ಬಟ್ಟೆಯಿಂದ ಒರೆಸಿದೆ, ಏಕೆಂದರೆ ಹಳೆಯ ಬ್ರೇಕ್ ಲೈನರಿನ ಧೂಳು ಉಸಿರಿಗೆ ಒಳ್ಳೆಯದಲ್ಲ. ಲೈನರುಗಳು ಇನ್ನೂ ಒಂದು ವರ್ಷ ಬಾಳುವಂತಿದ್ದವು. ಸ್ಪ್ರಾಕೆಟ್ಟು ಕೂರುವ ಹಬ್ಬನ್ನು ಎಳೆದು ತೆಗೆದಾಗ ಡ್ಯಾಂಪರ್ ರಬ್ಬರುಗಳು ಕುಗ್ಗಿ, ಅಂಚು ಹರಿದು, ಅವುಗಳ ಗೂಡಿನಲ್ಲಿ ಸಡಿಲವಾಗಿ ಆಡುತ್ತಿದ್ದವು. ಗೇರು ಬದಲಿಸುವಾಗಿನ ಜಗ್ಗುವಿಕೆಯಲ್ಲಿ ಇವುಗಳ ಪಾಲೂ ಇದ್ದಿರಬೇಕು. ಅದೇ ಹಬ್ಬಿನ ಬೇರಿಂಗಿನೊಳಗೆ ಬೆರಳಿಟ್ಟು ತಿರುಗಿಸಿದಾಗ ಮರಳಿನ ಮೇಲೆ ಉರುಳಿದಂತೆ ಗರಗರ ಎಂದಿತು. ಎರಡು ತಿಂಗಳು ಬಿಗಿ ಚೈನು ಎಳೆದದ್ದು ಮೊದಲು ಇದನ್ನೇ. ಬೇರಿಂಗ್ ಬಡಿದು ಹೊರತೆಗೆಯಲು ನನ್ನ ಬಳಿ ಸಲಕರಣೆ ಇರಲಿಲ್ಲ, ಧೈರ್ಯವೂ ಇರಲಿಲ್ಲ. ಹಬ್ಬನ್ನು ಚೀಲಕ್ಕೆ ಹಾಕಿ ಗ್ಯಾರೇಜಿಗೆ ಕಳಿಸಿದೆ. ಸಂಜೆಯೊಳಗೆ ಹೊಸ ಬೇರಿಂಗ್ ಕೂತು ಬಂತು.

ಜೋಡಿಸುವಾಗ ಗಮನಿಸಬೇಕಾದದ್ದು ಚೈನ್ ಲಾಕು. ಅದರ ಮುಚ್ಚಿದ ತುದಿ ಚೈನು ಚಲಿಸುವ ದಿಕ್ಕಿಗೆ ಇರಬೇಕು, ಸೀಳಿದ ತುದಿ ಹಿಂದಕ್ಕೆ. ತಿರುಗಿಸಿ ಹಾಕಿದರೆ ಏನಾದರೂ ತಾಗಿದಾಗ ಲಾಕು ಕಳಚಿಕೊಳ್ಳಬಹುದು. ಫೋನಿನಲ್ಲಿ ಮೆಕ್ಯಾನಿಕ್ ಒಂದೇ ವಾಕ್ಯದಲ್ಲಿ ಹೇಳಿದರು: “ಮೀನು ಮುಂದಕ್ಕೆ ಈಜಬೇಕು ಮೇಡಂ, ಬಾಲ ಮುಂದೆ ಮಾಡಿ ಈಜಬಾರದು.” ಲಾಕಿನ ಆಕಾರ ನಿಜಕ್ಕೂ ಮೀನಿನದೇ. ಇದನ್ನು ಮೇಲಿನ ಸಾಲಿನಲ್ಲಿ ನೋಡಿ ಖಚಿತಪಡಿಸಿಕೊಳ್ಳಬೇಕು, ಏಕೆಂದರೆ ಕೆಳಗಿನ ಸಾಲಿನಲ್ಲಿ ಚೈನು ಹಿಂದಕ್ಕೆ ಹೋಗುವುದರಿಂದ ಸರಿಯಾಗಿ ಹಾಕಿದ ಮೀನೂ ಅಲ್ಲಿ ಗಾಡಿಯ ಹಿಂಬದಿಗೆ ಮುಖ ಮಾಡಿರುತ್ತದೆ.

ಸಡಿಲ ಹೊಂದಿಸುವ ಹಂತದಲ್ಲಿ ಈ ಸಲ ಅವಸರ ಮಾಡಲಿಲ್ಲ. ನನ್ನ ಗಾಡಿಯ ಅಡ್ಜಸ್ಟರ್ ಬೋಲ್ಟು 8 ಮಿಲಿಮೀಟರಿನದು, ಅದರ ಎಳೆಗಳ ಅಂತರ 1.25 ಮಿಲಿಮೀಟರ್. ಆರು ಮುಖದ ನಟ್ಟನ್ನು ಒಂದು ಮುಖದಷ್ಟು ತಿರುಗಿಸಿದರೆ ಚಕ್ರ ಸುಮಾರು 0.2 ಮಿಲಿಮೀಟರ್ ಸರಿಯುತ್ತದೆ. ಎಡಕ್ಕೆಷ್ಟು ಮುಖವೋ ಬಲಕ್ಕೂ ಅಷ್ಟೇ ಮುಖವೆಂದು ಎಣಿಸಿ ತಿರುಗಿಸಿದರೆ ಚಕ್ರ ಸೊಟ್ಟಗಾಗುವುದಿಲ್ಲ. ಹಿಂದಿನ ಚಕ್ರವನ್ನು ಹಿಡಿದು ಮೇಲೆ ಕೆಳಗೆ ಆಡುವ ತೋಳಾದ ಸ್ವಿಂಗ್ ಆರ್ಮಿನ ಮೇಲಿರುವ ಗೀಟುಗಳನ್ನೂ ಹೋಲಿಸಿ, ಹಿಂದಿನಿಂದ ಬಗ್ಗಿ ಚೈನಿನ ಸಾಲು ನೇರವಾಗಿದೆಯೇ ಎಂದು ಕಣ್ಣಿಟ್ಟು ನೋಡಿದೆ. ಆಕ್ಸಲ್ ನಟ್ಟು ಬಿಗಿ ಮಾಡುವಾಗ ಚಕ್ರ ಜರುಗದಿರಲೆಂದು ಹಿಂದಿನ ಸ್ಪ್ರಾಕೆಟ್ಟು ಮತ್ತು ಚೈನಿನ ನಡುವೆ ಮಡಿಸಿದ ಬಟ್ಟೆ ಸಿಕ್ಕಿಸಿ ಚಕ್ರವನ್ನು ಕೈಯಿಂದ ಹಿಂದಕ್ಕೆ ತಿರುಗಿಸಿದೆ. ಚೈನು ಎಳೆದು ಆಕ್ಸಲ್ಲು ಮುಂದಕ್ಕೆ, ಅಡ್ಜಸ್ಟರುಗಳಿಗೆ ಒತ್ತಿ ಕೂರುತ್ತದೆ. ನಟ್ಟು ಬಿಗಿಯಾದ ಮೇಲೆ ಬಟ್ಟೆ ತೆಗೆದು ಮತ್ತೆ ಅಳೆದೆ, ಏಕೆಂದರೆ ಬಿಗಿಯುವಾಗಲೇ ಎರಡು ಮೂರು ಮಿಲಿಮೀಟರ್ ಕಡಿಮೆಯಾಗಿರುತ್ತದೆ. ಮೂರು ಸುತ್ತು ಚಕ್ರ ತಿರುಗಿಸಿ ನಾಲ್ಕು ಕಡೆ ಅಳೆದಾಗ ಬಿಗಿ ಜಾಗ 29, ಸಡಿಲ ಜಾಗ 32.

ಈ ಸಡಿಲ ಏಕೆ ಬೇಕೆಂಬುದು ನನಗೆ ಅರ್ಥವಾದದ್ದು ಆ ಸಂಜೆ ಮಾಡಿದ ಒಂದು ಸಣ್ಣ ಪರೀಕ್ಷೆಯಿಂದ. ಗಾಡಿಯನ್ನು ಸ್ಟ್ಯಾಂಡಿನಿಂದ ಇಳಿಸಿ, ನಮ್ಮೆಜಮಾನರನ್ನೂ ಮಗನನ್ನೂ ಸೀಟಿನ ಮೇಲೆ ಕೂರಿಸಿ, ನೆಲದ ಮೇಲೆ ಕುಳಿತು ಅದೇ ಬಿಗಿ ಜಾಗವನ್ನು ಅಳೆದೆ: 29 ಇದ್ದದ್ದು 17ಕ್ಕೆ ಇಳಿದಿತ್ತು. ಮುಂದಿನ ಸ್ಪ್ರಾಕೆಟ್ಟಿನ ನಡುಬಿಂದು ಒಂದು ಕಡೆ, ಸ್ವಿಂಗ್ ಆರ್ಮು ತೂಗುವ ಕೀಲು ಅದರ ಹಿಂದೆ, ಆಕ್ಸಲ್ಲು ಇನ್ನೂ ಹಿಂದೆ. ಸ್ಟ್ಯಾಂಡಿನ ಮೇಲೆ ಚಕ್ರ ಕೆಳಗೆ ಜೋತಾಗ ಈ ಮೂರೂ ಒಂದೇ ಗೆರೆಯಲ್ಲಿರುವುದಿಲ್ಲ. ಭಾರ ಬಿದ್ದು ಶಾಕ್ ಅಬ್ಸಾರ್ಬರ್ ಕುಗ್ಗಿದಂತೆ ಆಕ್ಸಲ್ಲು ಮೇಲೇರಿ ಮೂರೂ ಒಂದೇ ಗೆರೆಗೆ ಹತ್ತಿರವಾಗುತ್ತವೆ, ಆಗ ಎರಡು ಸ್ಪ್ರಾಕೆಟ್ಟುಗಳ ನಡುವಿನ ದೂರ ಅತಿ ಹೆಚ್ಚು. ಚೈನಿನ ಉದ್ದ ಬದಲಾಗದ ಕಾರಣ ಆ ಹೆಚ್ಚಿನ ದೂರವನ್ನು ಸಡಿಲದಿಂದಲೇ ತುಂಬಬೇಕು. ಪುಸ್ತಿಕೆ ಹೇಳುವ ಅಳತೆ ಈ ಪ್ರಯಾಣಕ್ಕೆಂದು ತೆಗೆದಿಟ್ಟ ಗಂಟು. ಬಿಗಿ ಜಾಗದಲ್ಲಿ 8 ಮಿಲಿಮೀಟರ್ ಮಾತ್ರ ಉಳಿಸಿದ್ದ ನಾನು ರಸ್ತೆಯ ಪ್ರತಿ ಹೊಂಡದಲ್ಲೂ ಆ ಗಂಟನ್ನು ಬೇರಿಂಗುಗಳಿಂದ ಮತ್ತು ಗೇರ್‌ಬಾಕ್ಸಿನ ಶಾಫ್ಟಿನಿಂದ ವಸೂಲು ಮಾಡುತ್ತಿದ್ದೆ. ಅತಿ ಸಡಿಲವೂ ಸರಿಯಲ್ಲ, ಚೈನು ಹಲ್ಲು ಹಾರಿ ಕಳಚಿದರೆ ಹಿಂದಿನ ಚಕ್ರವೇ ಜಾಮ್ ಆಗಬಹುದು. ಆದರೆ ಸಡಿಲವಾದದ್ದು ಸದ್ದು ಮಾಡಿ ಎಚ್ಚರಿಸುತ್ತದೆ. ಬಿಗಿಯಾದದ್ದರ ಸದ್ದನ್ನು ಹೊಸಬರು ಗಾಳಿಯೆಂದುಕೊಳ್ಳುತ್ತಾರೆ.

ಕೊನೆಯಲ್ಲಿ ಬ್ರೇಕ್ ಪೆಡಲಿನ ಆಟವನ್ನು ರಾಡಿನ ನಟ್ಟಿನಿಂದ ಹೊಂದಿಸಿ, ಬ್ರೇಕ್ ದೀಪ ಹತ್ತುವುದನ್ನು ನೋಡಿ, ನಟ್ಟು ಕಳಚದಂತೆ ತಡೆಯುವ ಹೊಸ ಸ್ಪ್ಲಿಟ್ ಪಿನ್ನನ್ನು ಆಕ್ಸಲ್ಲಿಗೆ ಹಾಕಿ, ಸೀರೆ ಗಾರ್ಡನ್ನು ಕೂರಿಸಿದೆ. ಬಟ್ಟಲಿನಲ್ಲಿ ಒಂದು ವಾಷರ್ ಉಳಿಯಿತು. ಅದು ಎಲ್ಲಿಯದೆಂದು ಒಂದು ಗಂಟೆ ಹುಡುಕಿದ ಮೇಲೆ, ಮೆಕ್ಯಾನಿಕ್ ಕೊಟ್ಟ ಚೀಲದಲ್ಲಿ ಮೊದಲೇ ಇದ್ದದ್ದೆಂದು ಅವರಿಂದಲೇ ತಿಳಿಯಿತು.

ಎಣ್ಣೆ ಹಾಕುವುದನ್ನು ಈಗ ಬೆಳಿಗ್ಗೆಯಿಂದ ಸಂಜೆಗೆ ಬದಲಿಸಿದ್ದೇನೆ. ಶಾಲೆಯಿಂದ ಬಂದ ಕೂಡಲೇ, ಚೈನು ಬೆಚ್ಚಗಿರುವಾಗ, ಸೀಮೆಎಣ್ಣೆಯಲ್ಲಿ ಅದ್ದಿದ ಬ್ರಷ್ಷಿನಿಂದ ಉಜ್ಜಿ ಒರೆಸಿ, 90 ನಂಬರಿನ ಗೇರ್ ಆಯಿಲನ್ನು ಕೆಳಗಿನ ಸಾಲಿನ ಒಳಬದಿಯಲ್ಲಿ ಕೊಂಡಿಗಳ ಸಂದಿಗೆ ತೊಟ್ಟು ತೊಟ್ಟಾಗಿ ಬಿಡುತ್ತೇನೆ. ರಾತ್ರಿಯಿಡೀ ಅದು ಒಳಗೆ ಇಳಿಯುತ್ತದೆ, ಬೆಳಿಗ್ಗೆ ಹೊರಗಿನದನ್ನು ಒರೆಸಿಬಿಡುತ್ತೇನೆ. ಒಣ ದಿನಗಳಲ್ಲಿ 500 ಕಿಲೋಮೀಟರಿಗೊಮ್ಮೆ ಸಾಕು. ಮುಂದಿನ ಮಳೆಗಾಲದಲ್ಲಿ ಎರಡು ಮೂರು ದಿನಕ್ಕೊಮ್ಮೆ ಮಾಡಬೇಕೆಂದಿದ್ದೇನೆ. ಇಂಜಿನ್ನಿನಿಂದ ತೆಗೆದ ವೇಸ್ಟ್ ಆಯಿಲನ್ನು ಚೈನಿಗೆ ಬಳಿಯುವ ರೂಢಿ ನಮ್ಮಲ್ಲಿ ಬಹಳ ಇದೆ. ಅದರಲ್ಲಿರುವ ಲೋಹದ ಹುಡಿಯೂ ಮಸಿಯೂ ಸಂದಿಗೆ ಸೇರಿದರೆ ಕೆಂಪು ಮಣ್ಣು ಮಾಡುವ ಕೆಲಸವನ್ನೇ ಮಾಡುತ್ತವೆ. ಗ್ರೀಸ್ ಹೊರಗೆ ಅಂಟಿಕೊಂಡು ಧೂಳು ಹಿಡಿಯುತ್ತದೆಯೇ ಹೊರತು ಪಿನ್ನಿನವರೆಗೆ ಹೋಗುವುದಿಲ್ಲ. ನನ್ನದು ಒಳಗೆ ರಬ್ಬರ್ ಉಂಗುರಗಳಿಲ್ಲದ ಸಾದಾ ಚೈನು. ಉಂಗುರಗಳಿರುವ ಚೈನಿನವರು ಪೆಟ್ರೋಲನ್ನಂತೂ ಹತ್ತಿರ ಸುಳಿಯಗೊಡಬಾರದು.

ಹೊಸ ಚೈನು 250 ಕಿಲೋಮೀಟರ್ ಓಡಿದ ಮೇಲೆ ಬಿಗಿ ಜಾಗದ ಅಳತೆ 29ರಿಂದ 34ಕ್ಕೆ ಹೋಯಿತು. ಮೊದಮೊದಲು ಹೀಗೆ ಕೂರುವುದು ಸಹಜ. ಎರಡೂ ಬದಿ ಸಮನಾಗಿ ಬಿಗಿದು 30ಕ್ಕೆ ತಂದೆ. 35,700ರಲ್ಲಿ ಅಳೆದಾಗ ಇನ್ನೂ 30, ಸಡಿಲ ಜಾಗ 33. ಗುಂಯ್‌ಗುಡುವಿಕೆ ಪೂರ್ತಿ ನಿಂತಿದೆ, ಜಗ್ಗುವಿಕೆಯೂ ಇಲ್ಲ.

ಉಳಿದಿರುವುದು ಒಂದು. ಮುಂದಿನ ಸ್ಪ್ರಾಕೆಟ್ಟಿನ ಹಿಂದೆ, ಗೇರ್‌ಬಾಕ್ಸಿನ ಶಾಫ್ಟು ಹೊರಬರುವಲ್ಲಿ, ಕವರ್ ಬಿಚ್ಚಿದ ದಿನವೇ ಸ್ವಲ್ಪ ಒದ್ದೆ ಕಂಡಿತ್ತು. ಹಳೆಯ ಜಿಡ್ಡೇ ಇರಬಹುದೆಂದು ಒರೆಸಿ ಬಿಟ್ಟಿದ್ದೆ. ಕಳೆದ ಶುಕ್ರವಾರ ಕವರನ್ನು ಮತ್ತೆ ತೆಗೆದು, ಆ ಭಾಗವನ್ನು ಒಣ ಬಟ್ಟೆಯಿಂದ ಚೆನ್ನಾಗಿ ಒರೆಸಿ, ಸೀಮೆಸುಣ್ಣವನ್ನು ಪುಡಿ ಮಾಡಿ ಶಾಫ್ಟಿನ ಸುತ್ತ ಎಣ್ಣೆ ಸೋರದಂತೆ ತಡೆಯುವ ಆಯಿಲ್ ಸೀಲಿನ ಸುತ್ತ ಉದುರಿಸಿದೆ. ಶನಿವಾರ ಶಾಲೆಗೆ ಹೋಗಿಬಂದು, ಒಟ್ಟು 32 ಕಿಲೋಮೀಟರ್ ಆದ ಮೇಲೆ ನೋಡಿದಾಗ ಬಿಳಿ ಪುಡಿಯ ಮೇಲೆ, ಸೀಲಿನ ಅಡಿಯಿಂದ ಕೆಳಕ್ಕೆ, ಕಡ್ಡಿಯಲ್ಲಿ ಗೀಚಿದಂತೆ ಒಂದು ಕಪ್ಪು ಗೆರೆ ಇಳಿದಿತ್ತು. ಆಯಿಲ್ ಸೀಲ್ ತರಿಸಿಕೊಡಲು ಗ್ಯಾರೇಜಿಗೆ ಹೇಳಿದ್ದೇನೆ. ಅಲ್ಲಿಯವರೆಗೆ ಇಂಜಿನ್ ಆಯಿಲಿನ ಮಟ್ಟವನ್ನು ವಾರಕ್ಕೆರಡು ಸಲ ಕಡ್ಡಿ ಅದ್ದಿ ನೋಡುತ್ತಿದ್ದೇನೆ.